ಕಾಲು ಸುತ್ತು ಸಡಿಲ

ನಾಲೆಯ ಗೇಟಿಗೆ ಮೋಟಾರು ಕೂರಿಸಿದ ಬೇಸಿಗೆಯಲ್ಲಿ ನನ್ನ ಗುತ್ತಿಗೆ ಕೆಲಸ ಮುಗಿಯಿತು. ಕೂರಿಸಲು ಬಂದವರಿಗೆ ನಾನೇ ಎಳನೀರು ಇಳಿಸಿ ಕೊಟ್ಟಿದ್ದೆ. ಗುಂಡಿ ಒತ್ತಿದರೆ ಗೇಟು ಏಳುತ್ತಿತ್ತು, ಇನ್ನೊಂದು ಒತ್ತಿದರೆ ಇಳಿಯುತ್ತಿತ್ತು. ಅಷ್ಟು ವರ್ಷ ನಾನು ಹೆಗಲು ನೋಯಿಸಿಕೊಂಡು ತಿರುಗಿಸುತ್ತಿದ್ದ ಕಬ್ಬಿಣದ ಚಕ್ರವನ್ನು ಬಿಚ್ಚಿ ಬದಿಗಿಟ್ಟರು. ಬೇಜಾರಾಗಬೇಕಿತ್ತು, ಆಗಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ನನ್ನ ಹೆಂಡತಿ ತೀರಿಕೊಂಡಿದ್ದಳು. ಅಲ್ಲಿಂದೀಚೆಗೆ, ಹಲ್ಲು ಕೀಳುವ ಮುಂಚೆ ಕೊಡುವ ಸೂಜಿಯ ಮದ್ದು ಮೈಗೆಲ್ಲ ಏರಿದವನ ಹಾಗೆ ಇದ್ದೆ. ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದೆ. ಕೆಲಸ ಹೋಯಿತು ಅಂದಾಗಲೂ ಸರಿ ಅಂದೆ.

ನಮ್ಮೂರು ಹೊಳಲು. ಅಕ್ಕನನ್ನು ಹನಕೆರೆಗೆ ಕೊಟ್ಟಿದೆ. ಹೆಂಡತಿ ಹೋದ ಮೇಲೆ ಮಗಳನ್ನು ಅಕ್ಕನ ಮನೆಯಲ್ಲೇ ಬಿಟ್ಟಿದ್ದೆ. ಅಲ್ಲಿಂದ ರೈಲಿನಲ್ಲಿ ಮಂಡ್ಯದ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಭಾವ ಬ್ಲಫ್ ಅನ್ನುವ ಊರಿನ ಪವರ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಬ್ಲಫಿನಲ್ಲಿ ಅವರ ಜೊತೆ ದುಡಿದವರೊಬ್ಬರ ಮಗ ಹಡಗುಗಳಿಗೆ ಆಳು ಕಳಿಸುತ್ತಿದ್ದ. ಒಂದು ದಿನ ಭಾವ ಜಗುಲಿ ಮೇಲೆ ಕೂರಿಸಿಕೊಂಡು ವಿಷಯ ತೆಗೆದರು.

"ನೋಡ್ಲಾ, ದೊಡ್ಡ ಅಡಗ್ನೋರು ನಿನ್ನಂತ ವಯಸ್ಸಾದೋರ್ನ ತಗಳಲ್ಲ. ಊಳೆತ್ತೋ ಅಡಗು ಅಂತ ಐತೆ. ಅದ್ರಲ್ಲಿ ನೀರಿನ ವಾಲು ತಿರುವಕ್ಕೆ ಜನ ಬೇಕಂತೆ. ನೀನು ಅದ್ನೇ ಅಲ್ವಾ ಮಾಡ್ಕಬಂದಿರದು?"

ನಲವತ್ತನಾಲ್ಕು ವಯಸ್ಸಿಗೆ ಹಡಗು. ನಾನು ಸಮುದ್ರವನ್ನು ಒಂದೇ ಒಂದು ಸಲ, ಧರ್ಮಸ್ಥಳಕ್ಕೆ ಹೋದಾಗ ಬಸ್ಸಿನವನು ಮಲ್ಪೆಗೆ ಕರೆದುಕೊಂಡು ಹೋಗಿದ್ದಕ್ಕೆ ನೋಡಿದ್ದವನು. ಆಗ ನೀರು ಉಪ್ಪೋ ಅಲ್ಲವೋ ಅಂತ ನನ್ನ ಹೆಂಡತಿ ಬೆರಳು ಅದ್ದಿ ನೆಕ್ಕಿ ನೋಡಿದ್ದಳು. ಆದರೆ ಭಾವನ ಮಾತಿಗೆ ಆಗಲ್ಲ ಅನ್ನುವುದಕ್ಕೂ ಮನಸ್ಸಿನಲ್ಲಿ ಏನಾದರೂ ಇರಬೇಕಲ್ಲ. ಹೊಳಲಿನ ಮನೆಯ ಅಡುಗೆಕೋಣೆಗೆ ಹೋಗಿ ದೀಪ ಹಾಕುವುದಕ್ಕಿಂತ ಎಲ್ಲಾದರೂ ಸರಿ ಅನ್ನಿಸಿತ್ತು. ಹೂಂ ಅಂದೆ. ಅಕ್ಕ ಆಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಒಂದೇ ಷರತ್ತು ಹಾಕಿದಳು: ಪಿತೃಪಕ್ಷದ ಎಡೆಗೆ ಊರಲ್ಲಿರಬೇಕು. ಸತ್ತವಳಿಗೆ ಇದು ಮೊದಲನೇ ಎಡೆ, ಗಂಡನೇ ಇಕ್ಕಬೇಕು. ಅದಕ್ಕೂ ಹೂಂ ಅಂದೆ.

ಹಡಗು ಹತ್ತುವ ಮುಂಚೆ ಸುರಕ್ಷತೆಯ ತರಬೇತಿ ಮುಗಿಸಬೇಕು. ಬೆಂಕಿ ಆರಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಹಡಗು ಮುಳುಗಿದರೆ ನೀರಿನಲ್ಲಿ ಬದುಕುವುದು. ಜೊತೆಯಲ್ಲಿದ್ದವರೆಲ್ಲ ನನ್ನ ಮಗಳ ಓರಗೆಯ ಹುಡುಗರು. ಮೊದಲ ದಿನವೇ ನನಗೆ ಅಂಕಲ್ ಅಂತ ಹೆಸರಾಯಿತು. ನೀರಿನ ಪರೀಕ್ಷೆಯಲ್ಲಿ ಲೈಫ್ ಜಾಕೆಟ್ ತೊಟ್ಟು, ಒಂದು ಕೈಯಲ್ಲಿ ಮೂಗು ಹಿಡಿದು, ಕಾಲು ಕೂಡಿಸಿ ನೆಟ್ಟಗೆ ಇಳಿಯಬೇಕು. ನಾನು ಬಾವಿಗೆ ಹಾರಿ ಬೆಳೆದವನು, ಹಲಗೆಯ ತುದಿ ಕಾಲಿಗೆ ಸಿಕ್ಕ ತಕ್ಷಣ ತಲೆ ಕೆಳಗಾಯಿತು. ಜಾಕೆಟ್ಟು ಗದ್ದಕ್ಕೆ ಗುದ್ದಿ ತುಟಿ ಒಡೆಯಿತು. ಕಲಿಸುವವರು ಸೀಟಿ ಊದಿ, ಈಜು ಬರುವವರೇ ಇಲ್ಲಿ ಫೇಲಾಗುವುದು ಅಂದರು. ಇನ್ನೊಂದು ಅವಕಾಶದಲ್ಲಿ ಪಾಸಾದೆ. ಮೈಗೆ ತನ್ನದೇ ನೆನಪು ಇರುತ್ತದೆ ಅಂತ ಆವತ್ತೇ ನಾನು ತಿಳಿದುಕೊಂಡಿದ್ದರೆ ಮುಂದಿನದು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಆಷಾಢದಲ್ಲಿ ಹಡಗು ಸೇರಿದೆ. ಮಳೆಗಾಲದಲ್ಲಿ ನದಿ ತಂದು ಸುರಿಯುವ ಹೂಳನ್ನು ಬಂದರಿನ ದಾರಿಯಿಂದ ಎತ್ತುವುದು ಅದರ ಕೆಲಸ. ಹಡಗಿನ ಬಲಮಗ್ಗುಲಲ್ಲಿ ಒಂದು ದಪ್ಪ ಕೊಳವೆ ಇರುತ್ತದೆ. ಅದನ್ನು ತಳಕ್ಕೆ ಇಳಿಸಿ, ಪಂಪು ಹಾಕಿ, ನೀರು ಸಮೇತ ಹೂಳನ್ನು ಹೀರುತ್ತಾರೆ. ಹೂಳು ಹಡಗಿನ ನಡುವಿನ ದೊಡ್ಡ ತೊಟ್ಟಿಗೆ ಬಿದ್ದು ಕೆಳಗೆ ಕೂರುತ್ತದೆ, ತಿಳಿನೀರು ಮೇಲಿನಿಂದ ಹರಿದು ಹೋಗುತ್ತದೆ. ತೊಟ್ಟಿ ತುಂಬಿದ ಮೇಲೆ ಆಳದ ಕಡೆ ಹೋಗಿ, ಅಡಿಯ ಬಾಗಿಲು ತೆರೆದು ಸುರಿದು ವಾಪಸು. ಹಗಲೂ ರಾತ್ರಿ ಇದೇ.

ಇಷ್ಟು ಭಾರ ಹತ್ತಿ ಇಳಿಯುವಾಗ ಹಡಗು ಒಂದು ಮಗ್ಗುಲಿಗೆ ವಾಲಬಾರದು. ಅದಕ್ಕೆ ಎರಡೂ ಪಕ್ಕದಲ್ಲಿ ನೀರಿನ ಟ್ಯಾಂಕುಗಳಿರುತ್ತವೆ. ಯಾವುದಕ್ಕೆ ನೀರು ತುಂಬಬೇಕು, ಯಾವುದನ್ನು ಖಾಲಿ ಮಾಡಬೇಕು ಅಂತ ಮೇಟ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿ, ವಾಕಿಟಾಕಿಯಲ್ಲಿ ಹೇಳುತ್ತಾರೆ. ಹಳೆಯ ಹಡಗು, ವಾಲ್ವುಗಳನ್ನೆಲ್ಲ ಕೈಯಲ್ಲೇ ತಿರುಗಿಸಬೇಕು. ಆ ವಾಲ್ವುಗಳ ಸಾಲೇ ನನ್ನ ಜಾಗ. ಮುಚ್ಚಿದ ಮೇಲೆ ಡೆಕ್ಕಿಗೆ ಬಂದು, ಪ್ರತಿ ಟ್ಯಾಂಕಿನ ಸಣ್ಣ ಕೊಳವೆಯೊಳಗೆ ಸೀಮೆಸುಣ್ಣ ಬಳಿದ ಟೇಪು ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ನೋಡಿ ಹೇಳಬೇಕು. ಎರಡು ತಿಂಗಳು ಪರೀಕ್ಷೆಯ ಅವಧಿ. ಅದು ಮುಗಿದ ಮೇಲೆ, ಈ ಮನುಷ್ಯನಿಗೆ ಕೆಲಸ ಬರುತ್ತದೆ ಅಂತ ಕ್ಯಾಪ್ಟನ್ ರುಜು ಹಾಕಬೇಕು. ಹಾಕದಿದ್ದರೆ ಇನ್ಯಾವ ಹಡಗಿನವರೂ ನನ್ನನ್ನು ಮೂಸಿಯೂ ನೋಡುವುದಿಲ್ಲ. ಊರಿನ ಗೇಟಿನಲ್ಲಿ ನನ್ನ ಜಾಗಕ್ಕೆ ಮೋಟಾರು ಕೂತಾಗಿದೆ. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ ಅನ್ನುವ ಸ್ಥಿತಿ.

ಜೊತೆಗೆ ಸೇರಿದ ಹುಡುಗರೆಲ್ಲ ಮೊದಲ ವಾರ ವಾಂತಿ ಮಾಡಿಕೊಂಡು ಬಿದ್ದಿದ್ದರು. ನನಗೆ ಅದೂ ಆಗಲಿಲ್ಲ. ಡೆಕ್ಕಿನ ಕೆಲಸಗಾರರ ಮೇಸ್ತ್ರಿಗೆ ಹಡಗಿನಲ್ಲಿ ಸಾರಂಗ ಅನ್ನುತ್ತಾರೆ. ನಮ್ಮ ಸಾರಂಗ ಕುಂದಾಪುರದ ಕಡೆಯವನು, ನನಗಿಂತ ಹತ್ತು ವರ್ಷವಾದರೂ ಚಿಕ್ಕವನು. ಒಳ್ಳೆ ಗಟ್ಟಿ ಹೊಟ್ಟೆ ನಿಮ್ಮದು ಅಂತ ಹೊಗಳಿದ. ಗಟ್ಟಿಯಲ್ಲ, ಮರಗಟ್ಟಿದೆ ಅಂದುಕೊಂಡೆ.

ಹಡಗು ವಾಲಿದ್ದು ಒಂದು ಮಧ್ಯಾಹ್ನ. ಊಟ ಮುಗಿಸಿ ಕೂತಿದ್ದೆವು. ಮೇಜಿನ ಮೇಲಿದ್ದ ಟೀ ಲೋಟ ತಾನಾಗಿಯೇ ಜಾರಿಕೊಂಡು ಬಂದು ಅಂಚಿಗೆ ನಿಂತಿತು. ಸಾರಂಗ ಅದನ್ನು ನೋಡಿದವನೇ ಎದ್ದು ಓಡಿದ. ಹೂಳು ಹೀರುವುದು ನಡೆದೇ ಇತ್ತು. ಹಡಗು ಬಲಕ್ಕೆ ವಾಲಿದ ಹಾಗೆಲ್ಲ ಬಲಮಗ್ಗುಲಿನ ಕೊಳವೆ ಕೆಸರಿನಲ್ಲಿ ಇನ್ನಷ್ಟು ಆಳಕ್ಕೆ ಹೂತುಕೊಳ್ಳುತ್ತಿತ್ತು. ಪಂಪು ನಿಲ್ಲಿಸಿದರು. ಕೊಳವೆ ಎತ್ತಲು ಹೋದರೆ ಏಳುತ್ತಿಲ್ಲ, ಉಕ್ಕಿನ ಹಗ್ಗ ಕಿರುಗುಟ್ಟುತ್ತಿದೆ. ಮೇಟ್ ನನಗೆ ಟ್ಯಾಂಕು ಅಳೆಯಲು ಹೇಳಿದರು. ಬೆಳಗ್ಗೆ ನಾನೇ ಖಾಲಿ ಮಾಡಿಸಿ ಮುಚ್ಚಿದ್ದ ಬಲದ ಟ್ಯಾಂಕಿಗೆ ಟೇಪು ಇಳಿಸಿದೆ. ಎದೆಮಟ್ಟ ನೀರು. ಎಡದ ಟ್ಯಾಂಕಿನಲ್ಲಿ ಇರಬೇಕಾದಷ್ಟು ಇರಲಿಲ್ಲ.

ಮೇಟ್ ಟಾರ್ಚು ಹಿಡಿದು ಕೆಳಗಿಳಿದರು. ಹಿಂದೆಯೇ ನಾನೂ ಹೋದೆ. ಒಂದೊಂದೇ ವಾಲ್ವಿಗೆ ಕೈ ಹಾಕಿ ಮುಚ್ಚುವ ಕಡೆಗೆ ತಿರುಗಿಸಿ ನೋಡಿದರು. ಪ್ರತಿಯೊಂದೂ ಇನ್ನೂ ಸ್ವಲ್ಪ ತಿರುಗಿತು. ಒಂದಲ್ಲ ಎರಡಲ್ಲ, ನಾನು ಮುಚ್ಚಿದ್ದ ಅಷ್ಟೂ ವಾಲ್ವುಗಳು ಕಾಲು ಸುತ್ತು ಸಡಿಲ. ಎರಡೂ ಪಕ್ಕದ ಟ್ಯಾಂಕಿಗೆ ನೀರು ಹೋಗುವ ಕೊಳವೆ ಒಂದೇ. ಆ ಸಂದಿಯಲ್ಲಿ ಬೆಳಗಿನಿಂದ ಎಡದ ನೀರು ಬಲಕ್ಕೆ ಹರಿದಿತ್ತು. ಒಮ್ಮೆ ವಾಲಲು ಶುರುವಾದ ಮೇಲೆ ಇನ್ನೂ ಜೋರಾಗಿ ಹರಿದಿತ್ತು. ಮೇಟ್ ಬೈಯಲಿಲ್ಲ. ನನ್ನ ಕೈಗಳ ಮೇಲೆ ಟಾರ್ಚು ಬಿಟ್ಟು ನೋಡಿದರು, ಅಷ್ಟೆ.

ನೀರನ್ನು ಎಡಕ್ಕೆ ವಾಪಸು ಕಳಿಸಿ, ಹಡಗು ನೆಟ್ಟಗಾಗಿ, ಕೊಳವೆ ಕೆಸರು ಬಿಟ್ಟು ಮೇಲೆ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ಕ್ಯಾಪ್ಟನ್ ಕರೆಸಿದರು. ಅವರದು ಹಿಂದಿ, ನನ್ನದು ಹರಕು ಹಿಂದಿ. ನಡುವೆ ಸಾರಂಗ ನಿಂತ. ಒಂದು ವಾಲ್ವು ಮರೆತಿದ್ದರೆ ಮರೆವು ಅನ್ನಬಹುದಿತ್ತು, ಎಲ್ಲವನ್ನೂ ಒಂದೇ ಅಳತೆಗೆ ಸಡಿಲ ಬಿಡುವುದು ಯಾಕೆ ಅಂತ ಕೇಳಿದರು. ಆ ಪ್ರಶ್ನೆ ಬರುವವರೆಗೆ ನನಗೂ ಅದು ಗೊತ್ತಿರಲಿಲ್ಲ. ಕೇಳಿದ ಮೇಲೆ ಗೊತ್ತಾಯಿತು.

ನಾಲೆಯ ಗೇಟನ್ನು ನಾವು ಪೂರ್ತಿ ಬಿಗಿಯುವುದಿಲ್ಲ. ಬಿಗಿದರೆ ಗೋಡುಮಣ್ಣು ಕಚ್ಚಿಕೊಂಡು ಮುಂದಿನ ಸರದಿಗೆ ಗೇಟು ಏಳುವುದಿಲ್ಲ. ಅದಕ್ಕೇ ಮುಚ್ಚಿ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡುತ್ತೇವೆ. ಆ ಸಂದಿಯಲ್ಲಿ ಸೋರುವ ನೀರು ಲೆಕ್ಕಕ್ಕಿಲ್ಲದ ನೀರು. ನಾಲೆಯ ಕೊನೆಯ ಊರುಗಳ ಕಟ್ಟೆಗೆ ಹೋಗುತ್ತದೆ, ದನಕರು ಕುಡಿಯುತ್ತವೆ. ನನ್ನ ಹೆಂಡತಿಯ ತವರು ಮಳವಳ್ಳಿ ಕಡೆಯ ಅಂಥದೇ ಒಂದು ಊರು. ಮದುವೆಯಾದ ಹೊಸದರಲ್ಲಿ ಅವಳು, "ಮ್ಯಾಲಿನೋರು ಗೇಟ್ ಬಿಗುದ್ರೆ ನಮ್ಮೂರ್ ಎಮ್ಮೆಗೆ ಗೊತ್ತಾಯ್ತದೆ" ಅಂತ ಅಣಕಿಸುತ್ತಿದ್ದಳು. ಆಮೇಲಾಮೇಲೆ ಆ ಕಾಲು ಸುತ್ತು ಕೈಗೇ ಅಂಟಿಬಿಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ದುಡಿದು ಗಳಿಸಿದ್ದು.

ಹೆಂಡತಿಯ ಮಾತು ಬಿಟ್ಟು ಮಿಕ್ಕಿದ್ದನ್ನು ಹೇಳಿದೆ. ಕ್ಯಾಪ್ಟನ್ ನಗಲಿಲ್ಲ. ನಿಮ್ಮ ನಾಲೆಗೆ ಕೆಳಗಿನ ಊರು ಇರುತ್ತದೆ, ಇಲ್ಲಿ ನಮ್ಮ ಕೆಳಗೆ ಯಾರೂ ಇಲ್ಲ ಅಂದರು. ಒಂದು ಪಾಳಿಯ ಕೆಲಸ ಹಾಳಾಗಿತ್ತು, ಕೊಳವೆ ಮುರಿದಿದ್ದರೆ ತಿಂಗಳುಗಟ್ಟಲೆ ಹಡಗು ನಿಲ್ಲುತ್ತಿತ್ತು. ಗಣಪತಿ ಹಬ್ಬದ ಹೊತ್ತಿಗೆ ಮುಗಿಯಬೇಕಿದ್ದ ಪರೀಕ್ಷೆಗೆ ಇನ್ನೊಂದು ತಿಂಗಳು ಸೇರಿಸಿದರು. ಅಷ್ಟರಲ್ಲಿ ಒಂದೇ ಒಂದು ವಾಲ್ವು ಸಡಿಲ ಸಿಕ್ಕರೂ ರುಜು ಇಲ್ಲ. ಹೊರಗೆ ಬಂದು ಮನಸ್ಸಿನಲ್ಲೇ ಎಣಿಸಿದೆ. ಪಿತೃಪಕ್ಷ ಪೂರ್ತಿ ಅದರೊಳಗೇ ಬರುತ್ತಿತ್ತು.

ಮಾರನೆಯ ದಿನದಿಂದ ಕೈ ತಿದ್ದುವ ಕೆಲಸ. ಹೇಳಿದಷ್ಟು ಸುಲಭವಲ್ಲ. ಮುಚ್ಚುತ್ತೇನೆ, ಬಿಗಿಯಾಗಿ ಕೂರುತ್ತದೆ, ಇನ್ನು ಕೈ ತೆಗೆಯಬೇಕು ಅಂದುಕೊಳ್ಳುವಷ್ಟರಲ್ಲಿ ಮಣಿಕಟ್ಟು ತಾನೇ ಹಿಂದಕ್ಕೆ ತಿರುಗಿರುತ್ತದೆ. ನನ್ನದೇ ಕೈ, ನನ್ನ ಮಾತು ಕೇಳುವುದಿಲ್ಲ. ಸಾರಂಗ ಎರಡು ದಿನ ಪಕ್ಕದಲ್ಲಿ ನಿಂತು ನೋಡಿದ. ಆಮೇಲೆ ಬಿಳಿ ಬಣ್ಣ ತಂದು ಪ್ರತಿ ವಾಲ್ವಿನ ಚಕ್ರಕ್ಕೂ ಅದರ ಮೈಗೂ ಒಂದೊಂದು ಗೆರೆ ಎಳೆದ. ಪೂರ್ತಿ ಮುಚ್ಚಿದಾಗ ಎರಡೂ ಗೆರೆ ಒಂದಾಗಬೇಕು.

"ಇನ್ನೊಂದು ಮಾಡಿ ಮಾರಾಯ್ರೆ," ಅಂದ. "ಚಕ್ರ ಕೂತ ಕೂಡ್ಲೆ ಎರಡೂ ಕೈ ಎತ್ತಿ ಮುಗೀರಿ, ದೇವ್ರಿಗೆ ಮುಗ್ದ ಹಾಗೆ. ಕೈ ಮೇಲಿದ್ರೆ ಅದು ಹಿಂದೆ ಹೇಗೆ ತಿರುಗ್ತದೆ?"

ಹಾಗೇ ಮಾಡಿದೆ. ವಾಲ್ವು ಮುಚ್ಚುವುದು, ಕೈ ಮುಗಿಯುವುದು, ಗೆರೆ ನೋಡುವುದು, ಮುಂದಿನದಕ್ಕೆ ಹೋಗುವುದು. ಕಡೆಗೆ ಮೇಲೆ ಹೋಗಿ ಅಳೆಯುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯುವುದು. ಅಂಕಲ್ ವಾಲ್ವಿಗೆ ಪೂಜೆ ಮಾಡುತ್ತಾರೆ ಅಂತ ಹುಡುಗರು ತಮಾಷೆ ಮಾಡಿದರು. ಮಾಡಲಿ ಅಂತ ಬಿಟ್ಟೆ. ಒಂದು ಸಲ ಸುಸ್ತಾಗಿದ್ದಾಗ ಮುಗಿಯುವುದು ಮರೆತೆ. ಎರಡನೇ ಸಲ ಅಳೆದಾಗ ನೀರು ಎರಡು ಬೆರಳು ಏರಿತ್ತು. ಓಡಿ ಹೋಗಿ ಬಿಗಿದು, ಮೇಟ್‌ಗೆ ಎರಡೂ ಅಳತೆ ಹೇಳಿದೆ. ಅವರು ಎರಡನ್ನೂ ಬರೆದುಕೊಂಡರು, ನೀನೇ ಹಿಡಿದದ್ದು ಲೆಕ್ಕಕ್ಕಿಲ್ಲ ಅಂದರು.

ಪಿತೃಪಕ್ಷ ಶುರುವಾದ ಮೇಲೆ ಅಕ್ಕನ ಫೋನು ಬಂತು. ಬಂದರಿನ ಹತ್ತಿರ ಬಂದಾಗ ಮಾತ್ರ ನಮಗೆ ಸಿಗ್ನಲ್. ಅಮಾವಾಸ್ಯೆಗೆ ಎಡೆ, ಎರಡು ದಿನ ಮುಂಚೆ ಬಂದುಬಿಡು ಅಂದಳು. ಪರೀಕ್ಷೆ ಮುಂದೆ ಹೋದ ವಿಚಾರ ಹೇಳಿದೆ.

"ಸತ್ತೋಳ್ಗೆ ಗಂಡ ಎಡೆ ಇಕ್ದೆ ಇನ್ಯಾರ್ಲಾ ಇಕ್ತಾರೆ?" ಅಂದಳು ಅಕ್ಕ. "ಬದ್ಕಿದ್ದಾಗ ನಾಲೆ ನಾಲೆ ಅಂತ ತಿರುಗ್ದೆ. ಈಗ ಅಡಗು ಅಂತೀಯ. ಅವ್ಳಿಗೆ ಯಾವಾಗ್ಲಾ ನಿನ್ ಪುರುಸೊತ್ತು?"

ಈ ಮಾತಿಗೆ ಎದೆಯಲ್ಲಿ ಏನಾದರೂ ಚುಚ್ಚಬೇಕಿತ್ತು. ಅಕ್ಕ ಹೇಳುವುದು ಸರಿ ಅಂತ ತಲೆಗೆ ಗೊತ್ತಾಯಿತು, ಅಷ್ಟೆ. ಕ್ಯಾಪ್ಟನ್ನರನ್ನು ಕೇಳಿದೆ. ಅವರು ಹೋಗಬೇಡ ಅನ್ನಲಿಲ್ಲ. ಹೆಂಡತಿಯ ಕಾರ್ಯ ಅಂದಮೇಲೆ ತಡೆಯುವುದಕ್ಕೆ ನಾನ್ಯಾರು, ನಾಡಿದ್ದು ಸಾಮಾನು ತರುವ ದೋಣಿಯಲ್ಲಿ ಇಳಿದು ಹೋಗು ಅಂದರು. ಆದರೆ ನಿನ್ನ ಜಾಗಕ್ಕೆ ಬರುವವನನ್ನು ಮತ್ತೆ ಕಳಿಸಲು ಆಗುವುದಿಲ್ಲ, ಪರೀಕ್ಷೆ ಮುಗಿಯದೆ ನಾನು ರುಜು ಹಾಕುವುದೂ ಇಲ್ಲ ಅಂತಲೂ ಅಂದರು.

ದೋಣಿ ಬಂದ ದಿನ ಬ್ಯಾಗು ಕಟ್ಟಿಕೊಂಡು ಡೆಕ್ಕಿನ ಏಣಿಯ ಹತ್ತಿರ ನಿಂತಿದ್ದೆ. ತರಕಾರಿ ಮೂಟೆ, ಅಕ್ಕಿ, ಗ್ಯಾಸು ಮೇಲೆ ಬಂದವು. ಕೆಳಗಿನಿಂದ ದೋಣಿಯವನು ನನ್ನ ಬ್ಯಾಗಿಗೆ ಕೈ ಚಾಚಿದ. ಊರಿಗೆ ಹೋದರೆ ಏನಾಗುತ್ತದೆ ಅಂತ ಯೋಚಿಸಿದೆ. ಎಡೆ ಇಡುತ್ತೇನೆ, ಅಕ್ಕನಿಗೆ ಸಮಾಧಾನವಾಗುತ್ತದೆ. ಮಾರನೆಯ ದಿನ ಹೊಳಲಿನ ಮನೆಯ ಬಾಗಿಲು ತೆಗೆಯುತ್ತೇನೆ. ಅಲ್ಲಿಂದಾಚೆಗೆ ಏನೂ ಕಾಣಲಿಲ್ಲ. ಇಲ್ಲಿ ನಿಂತರೆ ಕನಿಷ್ಠ ಸಂಜೆಗೆ ಮುಚ್ಚಬೇಕಾದ ವಾಲ್ವುಗಳಾದರೂ ಕಾಣುತ್ತಿದ್ದವು. ಮಗಳ ಓದು ಇನ್ನೂ ಇತ್ತು. ಬೇಡ ಅಂತ ಕೈ ಆಡಿಸಿದೆ. ಧೈರ್ಯದಿಂದ ಮಾಡಿದ ತೀರ್ಮಾನ ಅಂತ ಹೇಳಿಕೊಳ್ಳುವುದಿಲ್ಲ. ದೋಣಿ ಹೋಯಿತು, ನಾನು ಬ್ಯಾಗು ಬಿಚ್ಚಿ ಬಟ್ಟೆ ಮತ್ತೆ ಮೊಳೆಗೆ ನೇತುಹಾಕಿದೆ. ಅಕ್ಕನಿಗೆ ಫೋನು ಮಾಡಿದರೆ ತೆಗೆಯಲಿಲ್ಲ. ಭಾವ ತೆಗೆದು, ಮಗಳೇ ಎಡೆ ಇಕ್ತಾಳಂತೆ, ನೀನು ನಿನ್ ಕೆಲ್ಸ ನೋಡ್ಕ ಅಂದರು.

ಅಮಾವಾಸ್ಯೆಯ ದಿನ ನನ್ನ ಪಾಳಿ ಬೆಳಗಿನದು. ತೊಟ್ಟಿ ತುಂಬಿತ್ತು. ಆಳದ ಕಡೆ ಹೋಗಿ ಅಡಿಬಾಗಿಲು ತೆರೆದರು. ಹೂಳು ಹೋದ ತಕ್ಷಣ ಹಡಗು ಹಗುರಾಗಿ ಮೇಲಕ್ಕೆ ಏಳುತ್ತದೆ, ಆಗಲೇ ಎರಡೂ ಪಕ್ಕದ ಟ್ಯಾಂಕಿಗೆ ಸಮವಾಗಿ ನೀರು ತೆಗೆದುಕೊಳ್ಳಬೇಕು. ಆವತ್ತು ಎಡಗಡೆಯ ಒಂದು ಬಾಗಿಲಿಗೆ ಕಲ್ಲು ಸಿಕ್ಕಿ ಅರ್ಧ ಹೂಳು ಒಳಗೇ ಉಳಿಯಿತು. ಹಡಗು ಎಡಕ್ಕೆ ಎಳೆಯಿತು. ಮೇಟ್ ಒಂದಾದ ಮೇಲೊಂದು ಹೇಳುತ್ತಾ ಹೋದರು: ಬಲಕ್ಕೆ ಬಿಡು, ನಿಲ್ಲಿಸು, ಮುಂದಿನದು ಬಿಡು, ಮುಚ್ಚು. ಪ್ರತಿ ಸಲವೂ ಮುಚ್ಚಿದೆ, ಕೈ ಮುಗಿದೆ, ಗೆರೆ ನೋಡಿದೆ. ಬಾಗಿಲನ್ನು ಹಾಕಿ ತೆಗೆದು, ಹಾಕಿ ತೆಗೆದು, ಕಲ್ಲು ಉದುರುವವರೆಗೂ ಹಡಗನ್ನು ನೀರಿನ ಮೇಲೆಯೇ ತೂಗಿ ಹಿಡಿಯಬೇಕಾಯಿತು. ಎಲ್ಲ ಮುಗಿದ ಮೇಲೆ ಮೇಟ್ ಕೆಳಗಿಳಿದು ಬಂದು ಸಾಲಿನ ಉದ್ದಕ್ಕೂ ಕೈ ಹಾಕಿ ನೋಡಿದರು. ಒಂದೂ ಅಲುಗಲಿಲ್ಲ. ಹೋಗಿ ತಿಂಡಿ ತಿನ್ನು ಅಂದರು.

ಹಡಗು ವಾಪಸು ಬಂದರಿನ ಹತ್ತಿರಕ್ಕೆ ಬಂದಾಗ ಮಗಳ ಫೋನು ಬಂತು. ಎಲೆ ಹಾಕಿದ್ದಾರೆ, ಅಮ್ಮನ ಹೊಸ ಸೀರೆ ಇಟ್ಟಿದ್ದಾರೆ, ಕೋಳಿಸಾರು, ಮುದ್ದೆ, ವಡೆ, ಕಜ್ಜಾಯ ಬಡಿಸಿ ಆಗಿದೆ. ಇನ್ನು ಬಾಗಿಲು ಹಾಕಿ ಹೊರಗೆ ಬರಬೇಕು, ಹಿರಿಯರು ಬಂದು ಉಣ್ಣುತ್ತಾರೆ ಅಂತ.

"ಅಪ್ಪ, ಸತ್ತೋರಿಗೆ ಬಾಳ ಇಷ್ಟವಾದ್ದು ಒಂದಾದ್ರೂ ಎಲೇಲಿ ಇರ್ಬೇಕಂತೆ," ಅಂದಳು. "ಅತ್ತೆ ಕೇಳ್ತಾವ್ಳೆ. ಅಮ್ಮಂಗೆ ಏನಿಷ್ಟ?"

ಡೆಕ್ಕಿನ ಕಂಬಿ ಹಿಡಿದು ನಿಂತೆ. ಯಾವ ಗದ್ದೆಗೆ ಎಷ್ಟು ನೀರು ಬೇಕು ಅಂತ ನಾನು ನಿದ್ದೆಯಲ್ಲೂ ಹೇಳುತ್ತಿದ್ದೆ. ಈಗ ಹೆಂಡತಿ ತಟ್ಟೆ ಮುಂದೆ ಕೂತದ್ದನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಕಂಡದ್ದು ಒಂದೇ, ನಾವೆಲ್ಲ ಉಂಡೆದ್ದ ಮೇಲೆ ಅವಳು ಮುದ್ದೆ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ತಳ ಹಿಡಿದದ್ದನ್ನು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದುದು.

"ಮುದ್ದೆ ಸೀಕು ಕಣವ್ವ," ಅಂದೆ. "ತಳ ಹಿಡ್ದಿರ್ತದಲ್ಲ, ಅದು. ದಿನಾ ತಿಂತಿದ್ಲು."

ಮಗಳ ಹಿಂದೆ ಯಾರೋ ಊದುಬತ್ತಿ ಕೇಳುತ್ತಿದ್ದುದು ಕೇಳಿಸಿತು.

"ಅದು ಇಷ್ಟ ಅಲ್ಲ ಕಣಪ್ಪ," ಅಂದಳು. "ಅದು ಉಳೀತಿತ್ತು."

ಅಷ್ಟರಲ್ಲಿ ಅಕ್ಕ ಹೊತ್ತಾಯಿತು ಅಂತ ಕರೆದಳು. ಇರಲಿ ಬುಡಪ್ಪ, ನಂಗೂ ಗೊತ್ತಿಲ್ಲ ಅಂತ ಹೇಳಿ ಮಗಳು ಫೋನಿಟ್ಟಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ.

ಸಂಜೆ ಕ್ಯಾಪ್ಟನ್ ಕರೆಸಿದರು. ತಿಂಗಳು ತುಂಬಲು ಇನ್ನೂ ದಿನಗಳಿದ್ದವು. ಬೆಳಗಿನ ಕೆಲಸ ನೋಡಿ, ಕಾಯುವುದು ಬೇಡ ಅಂತ ಮೇಟ್ ಹೇಳಿದ್ದರಂತೆ. ರುಜು ಹಾಕಿ, ಮೊಹರು ಒತ್ತಿ, ಕೈ ಕುಲುಕಿದರು. ಸಾರಂಗ ಹುಡುಗರಿಗೆಲ್ಲ ಕೂಗಿ ಹೇಳಿದ. ಅವರು ಬೆನ್ನು ತಟ್ಟಿದರು. ನಾನೂ ನಕ್ಕೆ. ಒಳಗೆ ಮಾತ್ರ ಎಂದಿನ ಹಾಗೆಯೇ ಇತ್ತು.

ಯಾರಿಗಾದರೂ ರುಜು ಆದರೆ ಆವತ್ತು ಅವನಿಗೆ ಇಷ್ಟವಾದ ಅಡುಗೆ ಮಾಡುವುದು ಆ ಹಡಗಿನ ಭಟ್ಟನ ಪದ್ಧತಿ. ಸೌಟು ಹಿಡಿದುಕೊಂಡೇ ಬಂದು, ಏನು ಮಾಡಲಿ ಚಾಚಾ, ನಿಮಗೇನು ಇಷ್ಟ ಅಂದ. ನಾನು ಯೋಚನೆ ಕೂಡ ಮಾಡಲಿಲ್ಲ. ಹಿತಕಿದ ಅವರೆಬೇಳೆ ಸಾರು, ಅದಕ್ಕೆ ಬದನೆಕಾಯಿ ಹಾಕಬಾರದು, ಆಲೂಗಡ್ಡೆ ಹಾಕಿದರೆ ಆಯಿತು. ಖಾರ ಮುಂದಾಗಿರಬೇಕು. ಸಾರು ಇಳಿಸಿದ ಮೇಲೆ ತುಪ್ಪ ಬೇಡ, ಮುದ್ದೆಗೇ ಒಂದು ಗುಳಿ ಮಾಡಿ ಅದರಲ್ಲಿ ಬಿಡಬೇಕು. ಪಕ್ಕದಲ್ಲಿ ಹಸಿ ಈರುಳ್ಳಿ, ಗುದ್ದಿದ್ದು, ಕೊಯ್ದದ್ದಲ್ಲ. ಭಟ್ಟ ಸೌಟು ಹಿಡಿದು ಹಾಗೇ ನಿಂತು ಕೇಳುತ್ತಿದ್ದ. ಅವನಿಗೆ ಅವರೆಕಾಳು ಅಂದರೇನು ಅಂತಲೂ ಗೊತ್ತಿದ್ದಂತೆ ಕಾಣಲಿಲ್ಲ. ನಾನು ಹೇಳುತ್ತಲೇ ಇದ್ದೆ, ಹೇಳುತ್ತಾ ಹೇಳುತ್ತಾ ಅಲ್ಲೇ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡೆ. ಇದನ್ನೆಲ್ಲ ನಾನು ಅದುವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿದವನಲ್ಲ. ಮನೆಯಲ್ಲಿ ಹೇಳುವ ಅಗತ್ಯವೇ ಬಿದ್ದಿರಲಿಲ್ಲ.